ಹೌಸ್ ಸರ್ಜನ್‌ಗಳ ಆ 12 ವಾರ

ಹೌಸ್ ಸರ್ಜನ್‌ಗಳಿಗೆ, ಅಂದರೆ ಎಂಬಿಬಿಎಸ್ ಓದಿ ಇಂಟರ್ನ್‌ಶಿಪ್ ಮಾಡುವ ಹುಡುಗರಿಗೆ, ಹಳ್ಳಿ ಆಸ್ಪತ್ರೆಯ ಪೋಸ್ಟಿಂಗ್ ಅಂದರೆ ಬರೀ ಹಾಜರಾತಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. 2021ರ ನಿಯಮದಂತೆ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಹಳ್ಳಿ ಪೋಸ್ಟಿಂಗೂ ಸೇರುವ ಸಮುದಾಯ ವೈದ್ಯಕೀಯಕ್ಕೇ 12 ವಾರ, ಜನರಲ್ ಮೆಡಿಸಿನ್‌ಗೆ 6. ಕಾಗದದ ಮೇಲೆ ಕಡಿಮೆಯೇನಲ್ಲ. ಆದರೆ ಆ ವಾರಗಳನ್ನು ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ಪುಸ್ತಕ ಹಿಡಿದೇ ಕಳೆದವರನ್ನು ನಾನೂ ನೋಡಿದ್ದೇನೆ, ಸುಳ್ಳೇಕೆ ಹೇಳಲಿ.

ಹೋದ ವರ್ಷ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಹುಡುಗಿ ಮಾತ್ರ ಬೇರೆ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿರಲಿಲ್ಲ. ಮಾತ್ರೆ ಹೆಚ್ಚಿಸುವ ಮುಂಚೆ, "ಅಜ್ಜಿ, ಮನೇಲಿ ಎಷ್ಟು ಮಾತ್ರೆ ಉಳಿದಿದೆ?" ಅಂತ ಕೇಳಿದಳು. ಬೇಗ ಖಾಲಿಯಾದರೆ ಮತ್ತೆ ಬಸ್ಸು ಹತ್ತಬೇಕಲ್ಲ ಅಂತ ಅಮ್ಮ ದಿನ ಬಿಟ್ಟು ದಿನ ನುಂಗುತ್ತಿದ್ದುದು ಆಗ ಹೊರಬಿತ್ತು. ಮನೆಯವರಾದ ನಮಗೇ ಗೊತ್ತಿರಲಿಲ್ಲ! ಹಾಗೆ ಕೇಳೋದನ್ನು ಕಲಿಸಿದ್ದು ಅಲ್ಲಿನ ವೈದ್ಯಾಧಿಕಾರಿ. ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು, ಆಶಾ ಕಾರ್ಯಕರ್ತೆಯ ಜತೆ ಮನೆಮನೆಗೂ ಕಳಿಸುತ್ತಿದ್ದರು.

ಅಂಥ ವೈದ್ಯಾಧಿಕಾರಿಗಳಿಗೆ ಕಲಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ಬ್ರಿಟನ್ನಿನಲ್ಲಿ ಜಿಪಿ (ಕುಟುಂಬ ವೈದ್ಯ) ಆಗಲು ಸಾಮಾನ್ಯವಾಗಿ 3 ವರ್ಷದ ಪ್ರತ್ಯೇಕ ತರಬೇತಿ ಇದೆ, ಕಲಿಸುವ ಕ್ಲಿನಿಕ್ಕಿಗೆ ಹಣವೂ ಸಿಗುತ್ತದೆ. ನಮ್ಮಲ್ಲಿ ಒಬ್ಬರೇ ಡಾಕ್ಟರು ಹೊರರೋಗಿಗಳ ತಪಾಸಣೆ, ಮೀಟಿಂಗು, ವರದಿ ಎಲ್ಲ ಮುಗಿಸಿ ಆಮೇಲೆ ಪಾಠ ಹೇಳಬೇಕು. ಲೇಖನದಲ್ಲಿ ಹುಡುಗರನ್ನಷ್ಟೇ ಬೈದಿದ್ದೀರಿ, ಈ ಮಾತು ಬರಲೇ ಇಲ್ಲ.