ಕೂಲರೋ ಮಾರಿಯೋನೋ

ಕಲಬುರಗಿಯ ಮೇ ತಿಂಗಳು. ರಜೆಗೆ ಬಂದ ಅಕ್ಕನ ಮಗನನ್ನು ಮೊಬೈಲಿನಿಂದ ಬಿಡಿಸೋಣ ಅಂತ ಅಟ್ಟದಿಂದ ನನ್ನ ಹಳೆ ಟಿವಿ ಗೇಮ್ ಇಳಿಸಿದೆ. ಹಾಲ್‌ನಲ್ಲಿ ಇರುವುದು ಒಂದೇ ಪ್ಲಗ್. ಕೂಲರ್ ಕಿತ್ತು ಎಕ್ಸ್‌ಟೆನ್ಷನ್ ಬಾಕ್ಸ್ ಹಚ್ಚಿದೆ. ಮೊದಲ ತಪ್ಪು ಅದೇ.

ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿದೆ. ಇರುವುದು ಹತ್ತೋ ಹನ್ನೆರಡೋ, ಉಳಿದವೆಲ್ಲ ಅವೇ ಆಟ, ಹೆಸರು ಬೇರೆ. ಉಫ್ ಅಂತ ಊದಿದೆ. ಧೂಳು ನನ್ನ ಕಣ್ಣಿಗೆ ಬಂತು, ಮಾರಿಯೋ ಟಿವಿಗೆ ಬಂದ.

"ಮಾಮಾ, ಹೆಂಗ ಆಡಬೇಕಂತ ಇದ್ರಾಗ ಹೇಳೂದೇ ಇಲ್ಲಲ್ಲ?"

1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮಜಾ ಇರುವುದೇ ಅಲ್ಲಿ. ನಾಲ್ಕು ಹೆಜ್ಜೆ ಇಟ್ಟರೆ ಹುಬ್ಬು ಗಂಟಿಕ್ಕಿದ ಗೂಂಬಾ ಅನ್ನುವ ವೈರಿ ಎದುರಿಗೆ ಬರುತ್ತದೆ. ಜಿಗಿಯದಿದ್ದರೆ ಸತ್ತೆ. ಹುಡುಗ ಎರಡು ಸಲ ಸತ್ತ, ಮೂರನೇ ಸಲ ಜಿಗಿದ. ಆಮೇಲೆ ಡಬ್ಬಿಯಿಂದ ಒಂದು ಅಣಬೆ ಹೊರಬಿತ್ತು. ಅವನು ಹೆದರಿ ಹಿಂದೆ ಸರಿದ. ಅದು ಬಲಕ್ಕೆ ಹೋಗಿ, ಪೈಪಿಗೆ ಬಡಿದು, ವಾಪಸ್ ಅವನ ಮೇಲೇ ಬಂತು. ತಾಗಿದ್ದೇ ತಡ, ಮಾರಿಯೋ ದೊಡ್ಡವನಾದ! ಈ ಅಣಬೆ ಒಳ್ಳೆಯದು ಅಂತ ಯಾರೂ ಹೇಳಿಕೊಡಲಿಲ್ಲ.

ಬಟನ್ ಸುಮ್ನೆ ಮುಟ್ಟಿದರೆ ಸಣ್ಣ ಜಿಗಿತ, ಒತ್ತಿ ಹಿಡಿದರೆ ದೊಡ್ಡದು. ಗಾಳಿಯಲ್ಲಿದ್ದಾಗಲೂ ಆಚೆ ಈಚೆ ಜರುಗಬಹುದು. ಹಾಗಾಗಿ ಗುಂಡಿಗೆ ಬಿದ್ದರೆ ಬೈಯಲು ನಮ್ಮ ಹೆಬ್ಬೆರಳು ಬಿಟ್ಟರೆ ಬೇರೆ ಯಾರೂ ಸಿಗುವುದಿಲ್ಲ. ನನಗೋ ಮಾರಿಯೋ ಜೊತೆ ಕೂತಲ್ಲೇ ಜಿಗಿಯುವ ಚಟ. ಮೊಣಕಾಲು ತಾಗಿ ಮಜ್ಜಿಗೆ ಲೋಟ ಚಾಪೆ ಮೇಲೆ ಉರುಳಿತು.

"ನಲವತ್ತು ದಾಟ್ಯಾದ, ಇನ್ನಾ ಜಿಗೀಲಾಕತ್ತೀಯೇನೋ?" ಅವ್ವ ಅಡುಗೆಮನೆಯಿಂದಲೇ ಕೂಗಿದಳು. ಬೆವರಿಗೆ ಅವಳ ದನಿಯೂ ಬಿಸಿಯಾಗಿತ್ತು.

"ಮಾಮಾ, ಮೋಡ, ಪೊದೆ ಎರಡೂ ಒಂದೇ ಅವ ನೋಡು. ಬಣ್ಣ ಅಷ್ಟೇ ಬ್ಯಾರೆ."

ಇಷ್ಟು ವರ್ಷ ಆಡಿದ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ! ನಿಜವೇ. ಇಡೀ ಆಟ ಸುಮಾರು 40 ಕಿಲೋಬೈಟ್ ಜಾಗದಲ್ಲಿ ಕೂರಬೇಕಿತ್ತು, ಒಂದೇ ಚಿತ್ರಕ್ಕೆ ಎರಡು ಬಣ್ಣ ಬಳಿದರು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಗುಡ್ ಮಾರ್ನಿಂಗ್ ಗುಲಾಬಿಯೇ ಅದಕ್ಕಿಂತ ಭಾರ ಇರುತ್ತದೆ, ಅಲ್ವಾ?

ಅಡ್ಡದಾರಿಯ ಪೈಪುಗಳು ನನಗೆ ಬಾಯಿಪಾಠ. ಸಂಜೆ ಹೊತ್ತಿಗೆ 8ನೇ ಲೋಕ ಮುಟ್ಟಿದೆವು. ಕೊನೆಯ ಕೋಟೆ. ಒಂದೇ ಜೀವ ಉಳಿದಿದೆ. ಹುಡುಗ ಉಸಿರು ಬಿಗಿಹಿಡಿದಿದ್ದಾನೆ. ಅವ್ವ ಬಂದಳು, ಎಕ್ಸ್‌ಟೆನ್ಷನ್ ಬಾಕ್ಸ್ ಕಿತ್ತಳು, ಕೂಲರ್ ಹಚ್ಚಿದಳು.

ಈ ಆಟಕ್ಕೆ ಎಲ್ಲಿ ಬಿಟ್ಟಿದ್ದೆವು ಅನ್ನುವುದು ನೆನಪಿರುವುದಿಲ್ಲ. ಮತ್ತೆ ಮೊದಲ ಗೂಂಬಾದಿಂದಲೇ. ಹುಡುಗ ಅಳುತ್ತಾನೆ ಅಂದುಕೊಂಡೆ. ಅವನು ಕ್ಯಾಸೆಟ್ ಹೊರಗೆ ತೆಗೆದು, ಕೂಲರ್ ಗಾಳಿಗೆ ಬೆನ್ನು ಮಾಡಿ ಕೂತ.

"ಈ ಸಲ ನಾ ಊದ್ತೀನಿ, ಮಾಮಾ."