ಮೇಲಿನ ಎಲ್ಲವೂ ಸರಿ

ಏಳನೇ ತರಗತಿಯಲ್ಲಿರುವ ನನ್ನ ಮಗಳಿಗೆ ಕಳೆದ ವಾರ 60ಕ್ಕೆ 58 ಅಂಕ ಬಂತು. ಯಾವ ವಿಷಯದಲ್ಲಿ ಅಂತ ಕೇಳಿದೆ. "ಸುತ್ತು ತುಂಬೋದರಲ್ಲಿ" ಅಂದಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ಬ್ಯಾಗಿನಿಂದ ಹಾಳೆ ತೆಗೆದು ತೋರಿಸಿದಳು. ಅದರಲ್ಲಿ ಪ್ರಶ್ನೆಯೇ ಇಲ್ಲ. ಸಾಲಾಗಿ 60 ಚಿಕ್ಕ ಸುತ್ತುಗಳು, ಅಷ್ಟೂ ಪೆನ್ಸಿಲಿನಲ್ಲಿ ಕಪ್ಪಗೆ ತುಂಬಿವೆ. 17ನೆಯದರಲ್ಲಿ ಕಪ್ಪು ಗೆರೆ ದಾಟಿದೆ. 42ನೆಯದರ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಉಳಿದಿದೆ. ಎರಡಕ್ಕೂ ಕೆಂಪು ಗೀಟು. ಕೆಳಗೆ ಷರಾ: "ಇನ್ನೂ ಏಕಾಗ್ರತೆ ಬೇಕು."

ಇದು 'ಪರೀಕ್ಷಾ ಕೌಶಲ' ಅನ್ನುವ ಹೊಸ ಪೀರಿಯಡ್. ಎ, ಬಿ, ಸಿ, ಡಿ ಅಂತ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದರ ಸುತ್ತನ್ನು ಕಪ್ಪು ಮಾಡಿದರೆ ಯಂತ್ರ ಅಂಕ ಕೊಡುತ್ತದಲ್ಲ, ಅದರ ಅಭ್ಯಾಸ. ವಾರಕ್ಕೆ ಎರಡು. ಹೊಸದು ಬಂದರೆ ಹಳೆಯದೊಂದು ಜಾಗ ಬಿಡಬೇಕಲ್ಲ, ಲೈಬ್ರರಿ ಪೀರಿಯಡ್ ಬಿಟ್ಟುಕೊಟ್ಟಿತು. ಪಾಪ, ಅದಕ್ಕೆ ಬಾಯಿಲ್ಲ. ಮಕ್ಕಳು ಸುಮ್ನೆ ಕೂತು ಓದುತ್ತಿದ್ದ ಹೊತ್ತಿನಲ್ಲಿ ಈಗ, ಓದಿದವರ ಹಾಗೆ ಉತ್ತರ ಕೊಡುವುದನ್ನು ಕಲಿಸುತ್ತಾರೆ.

ಈ ಸುತ್ತಿನ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು. ಅಮೆರಿಕದ ಫ್ರೆಡರಿಕ್ ಕೆಲ್ಲಿ ಅನ್ನುವವರಿಗೆ ಒಂದು ಚಿಂತೆ. ಒಬ್ಬ ಮೇಷ್ಟ್ರು ಕೊಡುವ ಅಂಕಕ್ಕೂ ಇನ್ನೊಬ್ಬರು ಕೊಡುವ ಅಂಕಕ್ಕೂ ತಾಳೆಯೇ ಆಗುವುದಿಲ್ಲವಲ್ಲ ಅಂತ. 1915ರ ಸುಮಾರಿಗೆ ಅವರು ಸರಿ ಉತ್ತರ ಒಂದೇ ಇರುವಂಥ ಪರೀಕ್ಷೆ ಮಾಡಿದರು. ಮಕ್ಕಳು ಮನಸ್ಸಿನಲ್ಲೇ ಓದಿಕೊಂಡು ಎಷ್ಟು ಅರ್ಥ ಮಾಡಿಕೊಳ್ಳುತ್ತಾರೆ ಅಂತ ನೋಡುವ ಪರೀಕ್ಷೆ ಅದು. ಓದುವುದು ಆಗ ಪರೀಕ್ಷೆಯ ಭಾಗವಾಗಿತ್ತು, ಗಮನಿಸಿ.

ಆಮೇಲೆ ಬಂದವರು ರೆನಾಲ್ಡ್ ಜಾನ್ಸನ್, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಇವರು ಹುಡುಗನಾಗಿದ್ದಾಗ ಅಕ್ಕಂದಿರನ್ನು ನೋಡಲು ಬರುತ್ತಿದ್ದ ಹುಡುಗರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ ಗೀಚಿ ಬರುತ್ತಿದ್ದರಂತೆ. ಪೆನ್ಸಿಲಿನ ಗೀಟಿನಲ್ಲಿ ಕರೆಂಟ್ ಹರಿದುಹೋಗುತ್ತದೆ, ಕಿಡಿ ಹಾರದೆ ಕಾರು ಸ್ಟಾರ್ಟ್ ಆಗುವುದಿಲ್ಲ. ಅದೇ ಗುಟ್ಟಿನ ಮೇಲೆ ಅವರು ಉತ್ತರ ತಿದ್ದುವ ಯಂತ್ರ ಮಾಡಿದರು. ಐಬಿಎಂ ಅದನ್ನು 1930ರ ದಶಕದ ಕೊನೆಗೆ ಮಾರಾಟಕ್ಕೆ ತಂದಿತು. ಈಗಿನ ಯಂತ್ರಗಳು ಕರೆಂಟ್ ಬಿಟ್ಟು ಬೆಳಕಿನಿಂದ ನೋಡುತ್ತವೆ. ನೋಡಲಿ. ಯಂತ್ರ ನಮ್ಮ ಕೈಬರಹ ಓದಲು ಕಲಿಯಲಿ ಅಂತ ಕಾಯುವುದಕ್ಕಿಂತ, ಹನ್ನೆರಡು ವರ್ಷದ ಮಗುವಿಗೆ ಯಂತ್ರದ ಕಣ್ಣಿಗೆ ಕಾಣುವ ಹಾಗೆ ಗೀಚಲು ಕಲಿಸುವುದು ಸುಲಭ. ಖರ್ಚೂ ಕಡಿಮೆ.

ಸುತ್ತು ತುಂಬುವುದು ಮುಗಿದ ಮೇಲೆ ಎರಡನೇ ಹಂತ: ಗದ್ಯಭಾಗ ಓದಿ ಉತ್ತರಿಸುವುದು. ಮೊನ್ನೆ ಸಂಜೆ ಅವಳು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂತಿದ್ದೆ. ಒಂದು ಪುಟದಷ್ಟು ಗದ್ಯ, ಕೆಳಗೆ ಐದು ಪ್ರಶ್ನೆ. ಅವಳು ಅಂಗೈಯಿಂದ ಗದ್ಯವನ್ನು ಮುಚ್ಚಿದಳು. ನೇರವಾಗಿ ಪ್ರಶ್ನೆಗೆ ಹೋದಳು. 'ಜೇನುಹುಳ ಗೂಡಿನಲ್ಲಿ ಕುಣಿಯುವುದು ಏಕೆ?' ಎ, ಸಂತೋಷವಾದಾಗ. ಬಿ, ಚಳಿಯಾದಾಗ. ಸಿ, ಹೂವು ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ ಎಂದು ಉಳಿದ ಹುಳಗಳಿಗೆ ತಿಳಿಸಲು. ಡಿ, ಯಾವಾಗಲೂ ರಾಣಿಯನ್ನು ಮೆಚ್ಚಿಸಲು.

"ಸಿ" ಅಂದಳು. ನಾನು ಬೆರಗಾದೆ. "ಹೇಗೆ ಗೊತ್ತಾಯ್ತು ಪುಟ್ಟಿ?"

"ಉದ್ದ ಇರೋದೇ ಸರಿ ಉತ್ತರ ಅಪ್ಪಾ. ತಪ್ಪು ಉತ್ತರ ಉದ್ದುದ್ದ ಬರೆಯೋಕೆ ಅವರಿಗೂ ಬೇಜಾರಲ್ವಾ? ಆಮೇಲೆ 'ಯಾವಾಗಲೂ' ಅಂತ ಇದ್ರೆ ತಪ್ಪು. 'ಕೆಲವೊಮ್ಮೆ' ಅಂತ ಇದ್ರೆ ಸರಿ."

ಐದಕ್ಕೆ ನಾಲ್ಕು ಸರಿಯಾಗಿತ್ತು. ಇದೇನು ನನ್ನ ಮಗಳ ಪವಾಡವಲ್ಲ. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯ ಗದ್ಯಭಾಗವನ್ನು ತೆಗೆದುಹಾಕಿ ಬರೀ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟ ಸಂಶೋಧಕರಿದ್ದಾರೆ. ಸುಮ್ನೆ ಊಹಿಸಿದರೆ ಬರುವುದಕ್ಕಿಂತ ಜಾಸ್ತಿಯೇ ಅಂಕ ಬಂತು ಅಂತ 1990ರಲ್ಲಿ ಪ್ರಕಟಿಸಿದರು. ಪ್ರಶ್ನೆ ಬರೆಯುವವರು ನಾಚಿಕೊಳ್ಳಬೇಕಾದ ವಿಷಯ ಇದು. ನಾವು ಅದಕ್ಕೆ ಟೈಮ್‌ಟೇಬಲ್ಲಿನಲ್ಲಿ ಜಾಗ ಕೊಟ್ಟೆವು.

"ಸರಿ, ಈಗ ಅದರಲ್ಲಿ ಏನಿದೆ ಅಂತ ಓದಿ ಹೇಳು" ಅಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಓದಿದ್ರೆ ಟೈಮ್ ವೇಸ್ಟ್ ಅಪ್ಪಾ. ಒಂದು ಪ್ರಶ್ನೆಗೆ 50 ಸೆಕೆಂಡು."

ಕೌಶಲದ ಹೆಸರಿನಲ್ಲಿ ಹೇಳಿಕೊಡುವುದಾದರೂ ಸರಿಯಾದದ್ದಾ? ಅವಳ ನೋಟ್‌ಬುಕ್ಕಿನಲ್ಲಿ ಮೂರು ಸಲ ಅಡಿಗೆರೆ ಎಳೆದ ನಿಯಮ ಒಂದಿದೆ: ಮೊದಲು ಹೊಳೆದ ಉತ್ತರವನ್ನು ಬದಲಿಸಬಾರದು. 2005ರಲ್ಲಿ ಕೆಲವರು 1,500ಕ್ಕೂ ಜಾಸ್ತಿ ಕಾಲೇಜು ವಿದ್ಯಾರ್ಥಿಗಳ ಉತ್ತರ ಹಾಳೆಗಳಲ್ಲಿ ರಬ್ಬರ್ ಉಜ್ಜಿದ ಗುರುತುಗಳನ್ನು ಎಣಿಸಿದರು. ಉತ್ತರ ಬದಲಿಸಿದ್ದರಲ್ಲಿ ನೂರಕ್ಕೆ 51 ತಪ್ಪಿನಿಂದ ಸರಿಗೆ ಹೋಗಿದ್ದವು. ಸರಿಯಿಂದ ತಪ್ಪಿಗೆ ಹೋದದ್ದು 25. ಅಂದರೆ ಇನ್ನೊಂದು ಸಲ ಯೋಚಿಸಿದವರಿಗೇ ಲಾಭ. ಆದರೆ ಇನ್ನೊಂದು ಸಲ ಯೋಚಿಸು ಅನ್ನುವುದನ್ನು ಕೌಶಲ ಅಂತ ಯಾರು ಕರೆಯುತ್ತಾರೆ? ಅದನ್ನು ಮನೆಯಲ್ಲಿ ಅಜ್ಜಿಯೂ ಹೇಳುತ್ತಾಳೆ, ಫೀಸಿಲ್ಲದೆ.

ನನಗೆ ಪರೀಕ್ಷೆಯ ಮೇಲೆ ಸಿಟ್ಟಿಲ್ಲ. ಹೆದರುವ ಮಗುವಿಗೆ ಪ್ರಶ್ನೆಯನ್ನು ಪೂರ್ತಿ ಓದು, ಕಷ್ಟದ್ದನ್ನು ಕೊನೆಗಿಡು, ಗಡಿಯಾರ ನೋಡಿಕೋ ಅಂತ ಹೇಳಿಕೊಡುವುದು ಒಳ್ಳೆಯದೇ. ಅದಕ್ಕೆ ಅರ್ಧ ಗಂಟೆ ಸಾಕು. ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ ತನ್ನನ್ನು ತಾನೇ ಕೇಳಿಕೊಂಡರೆ, ಅದನ್ನೇ ಮತ್ತೆ ಓದುವುದಕ್ಕಿಂತ ಒಂದು ವಾರದ ನಂತರ ಜಾಸ್ತಿ ನೆನಪಿರುತ್ತದೆ ಅಂತಲೂ 2006ರಲ್ಲಿ ತೋರಿಸಿದ್ದಾರೆ. ಆದರೆ ಅದಕ್ಕೆ ಮೊದಲು ಪುಸ್ತಕ ತೆರೆದಿರಬೇಕು. ಅಲ್ಲೇ ಸ್ವಲ್ಪ ತೊಡಕು.

ನಿನ್ನೆ ಪೋಷಕರ ಅಭಿಪ್ರಾಯ ಕೇಳುವ ಹಾಳೆ ಬಂತು. ಅದೂ ಸುತ್ತುಗಳದ್ದೇ. 'ಪರೀಕ್ಷಾ ಕೌಶಲ ತರಗತಿಯಿಂದ ನಿಮ್ಮ ಮಗುವಿಗೆ ಏನಾಗಿದೆ?' ಎ, ಉಪಯೋಗವಾಗಿದೆ. ಬಿ, ತುಂಬಾ ಉಪಯೋಗವಾಗಿದೆ. ಸಿ, ಆತ್ಮವಿಶ್ವಾಸ ಹೆಚ್ಚಿದೆ. ಡಿ, ಮೇಲಿನ ಎಲ್ಲವೂ ಸರಿ.

"ಡಿ ಹಾಕಪ್ಪಾ" ಅಂದಳು ಮಗಳು, ಪ್ರಶ್ನೆಯ ಕಡೆ ನೋಡದೆ.

ನಾನು ಯಾವುದನ್ನೂ ತುಂಬಲಿಲ್ಲ. ಅಂಚಿನಲ್ಲಿದ್ದ ಬಿಳಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: 'ದಯವಿಟ್ಟು ಜೇನುಹುಳದ ಗದ್ಯವನ್ನು ಮಕ್ಕಳಿಂದ ಒಮ್ಮೆ ಪೂರ್ತಿ ಓದಿಸಿ. ಚೆನ್ನಾಗಿದೆ.' ಹೌದು, ಅವಳು ಮಲಗಿದ ಮೇಲೆ ನಾನು ಓದಿದ್ದೆ.

ಇವತ್ತು ಹಾಳೆ ವಾಪಸ್ ಬಂದಿದೆ. ಜೊತೆಗೆ ಖಾಲಿ ಹಾಳೆ ಇನ್ನೊಂದು, ಅದಕ್ಕೊಂದು ಚೀಟಿ: "ಅಂಚಿನಲ್ಲಿ ಬರೆದದ್ದನ್ನು ಯಂತ್ರ ಓದುವುದಿಲ್ಲ. ಹೊಸದಾಗಿ ತುಂಬಿ ಕಳಿಸಿ."

ಮಗಳು ತನ್ನ ಪೆನ್ಸಿಲನ್ನು ಚೂಪು ಮಾಡಿ ನನ್ನ ಮುಂದಿಟ್ಟಳು. "ಅದು ಮೊದಲನೇ ಪಾಠ ಅಪ್ಪಾ. ನೀನು ಆವತ್ತು ಕೇಳಿಸಿಕೊಳ್ಳಲಿಲ್ಲ."