‘ಕೊಟ್ಟಾಯ್ತು’ ಅಂದರೆ ಕೊಟ್ಟ ಹಾಗಲ್ಲ

ಹೆರಿಗೆಯ ನಂತರದ ರಕ್ತಸ್ರಾವದ ಮೇಲೆ ಇವತ್ತು ಇನ್ನೊಂದು ಡ್ರಿಲ್ (ಅಣಕು ಅಭ್ಯಾಸ) ನಡೆಯಿತು. ನಾಲ್ಕೇ ನಿಮಿಷದಲ್ಲಿ ಮುಗಿಯಿತು. ‘ಆಕ್ಸಿಟೋಸಿನ್ ಕೊಟ್ಟಾಯ್ತು, ಟ್ರಾನೆಕ್ಸಾಮಿಕ್ ಕೊಟ್ಟಾಯ್ತು, ಬ್ಲಡ್ ಬ್ಯಾಂಕಿಗೆ ಹೇಳಾಯ್ತು.’ ಮೊದಲನೆಯದು ಗರ್ಭಕೋಶ ಬಿಗಿಯಾಗಿಸುವ ಔಷಧಿ, ಎರಡನೆಯದು ರಕ್ತದ ಹೆಪ್ಪು ಕರಗದಂತೆ ತಡೆಯುವುದು. ಚಪ್ಪಾಳೆ, ಫೋಟೊ. ಯಾರೂ ಒಂದು ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಕೂಡ ಮುರಿದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಟ್ರಾನೆಕ್ಸಾಮಿಕ್ ಆಸಿಡ್ ಒಂದನ್ನೇ ನೋಡಿ. ಡೋಸು 1 ಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 500 ಮಿ.ಗ್ರಾಂ. ಆಂಪೂಲ್. ಎರಡು ಮುರಿಯಬೇಕು, ಸಿರಿಂಜಿಗೆ 10 ಎಂ.ಎಲ್. ಎಳೆಯಬೇಕು, 10 ನಿಮಿಷ ಹಿಡಿದು ನಿಧಾನವಾಗಿ ರಕ್ತನಾಳಕ್ಕೆ ಬಿಡಬೇಕು. ಅಷ್ಟು ಹೊತ್ತು ಒಬ್ಬ ನರ್ಸಿನ ಕೈ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಬಿಗಿಯಾಗಲಿ ಅಂತ ಗರ್ಭಕೋಶ ಉಜ್ಜುವವರು ಯಾರು? ಎರಡನೇ ಕ್ಯಾನುಲಾ (ರಕ್ತನಾಳದೊಳಗಿನ ಸಣ್ಣ ಕೊಳವೆ) ಹಾಕುವವರು ಯಾರು? ಬಾಯಲ್ಲೇ ಹೇಳಿ ಮುಗಿಸಿದರೆ ಈ ಪ್ರಶ್ನೆ ಏಳುವುದೇ ಇಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದಾಗ ಏಳುತ್ತದೆ. ಈ ಔಷಧಿಯನ್ನು ಹೆರಿಗೆಯಾದ 3 ಗಂಟೆಯೊಳಗೇ ಕೊಡಬೇಕು, ಪ್ರತಿ 15 ನಿಮಿಷ ತಡವಾದಾಗಲೂ ಅದರ ಪ್ರಯೋಜನ ಸುಮಾರು 10% ಇಳಿಯುತ್ತದೆ.

ರಕ್ತದ್ದೂ ಅದೇ ಕಥೆ. ‘ಬ್ಲೀಡಿಂಗ್ ಜಾಸ್ತಿ ಇದೆ’ ಅಂತ ತರಬೇತುದಾರರು ಕೂಗಿದರೆ ಯಾರಿಗೆ ಏನು ತಿಳಿಯಿತು? ನಕಲಿ ರಕ್ತಕ್ಕೆ ಕಾರ್ನ್‌ಫ್ಲೋರಿನ ತೆಳು ಗಂಜಿ ಕಾಯಿಸಿ, ಕೆಂಪು ಬಣ್ಣ ಹಾಕಿ, ಸೋಸಿ, ಉಗುರುಬೆಚ್ಚಗೆ ಇಡಿ. ಅದನ್ನು ಹರಿಸಲು ಐವಿ ಸೆಟ್ (ಡ್ರಿಪ್ ಕೊಳವೆ) ಬೇಡ, ಫಿಲ್ಟರಿನಲ್ಲಿ ಗಂಜಿ ಕಟ್ಟಿಕೊಳ್ಳುತ್ತದೆ. ಸಕ್ಷನ್ ಟ್ಯೂಬ್ ಸಾಕು. ಎಷ್ಟು ಹೋಯಿತು ಅಂತ ಮೊದಲು ಎಲ್ಲರಿಂದಲೂ ಹೇಳಿಸಿ. ಆಮೇಲೆ ಒದ್ದೆ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನ ತೂಕ ಕಳೆಯಿರಿ. 1 ಗ್ರಾಂ ಅಂದರೆ ಹೆಚ್ಚುಕಡಿಮೆ 1 ಎಂ.ಎಲ್. ಬಟ್ಟೆ ಹೀರಿಕೊಂಡದ್ದು ಕಣ್ಣಿಗೆ ಕಾಣದೆ, ಅಂದಾಜು ಬಹುಪಾಲು ಕಡಿಮೆಯೇ ಬಂದಿರುತ್ತದೆ.

ಲಕ್ಷಗಟ್ಟಲೆ ಬೆಲೆಯ ಮ್ಯಾನಿಕಿನ್ (ತರಬೇತಿಯ ಬೊಂಬೆ) ಎಲ್ಲಿಂದ ತರೋಣ ಅನ್ನುತ್ತಾರೆ. ಬೇಡವೇ ಬೇಡ. ಸಿಬ್ಬಂದಿಯಲ್ಲೇ ಒಬ್ಬರು ಮಂಚದ ಮೇಲೆ ಮಲಗಿ ‘ಸಿಸ್ಟರ್, ಚಳಿ ಆಗ್ತಿದೆ, ಮಗು ಎಲ್ಲಿ?’ ಅಂತ ಕೇಳುತ್ತಿರಲಿ. ಅದಕ್ಕೆ ಉತ್ತರಿಸುತ್ತ ಕೆಲಸ ಮಾಡುವುದನ್ನು ಯಾವ ಬೊಂಬೆಯೂ ಕಲಿಸುವುದಿಲ್ಲ. ಸೂಜಿಯನ್ನು ಪಕ್ಕದಲ್ಲಿಟ್ಟ ಸ್ಪಂಜಿಗೆ ಚುಚ್ಚಿ. ಔಷಧಿ ದಂಡವಾಗುತ್ತದೆ ಅನ್ನುವವರು ನೀರಿನ ಆಂಪೂಲ್‌ಗೆ ‘ತರಬೇತಿಗೆ ಮಾತ್ರ’ ಅಂತ ದಪ್ಪಗೆ ಚೀಟಿ ಅಂಟಿಸಿ ಬಳಸಲಿ. ಆದರೆ ಕೊನೆಯಲ್ಲಿ ಒಂದೊಂದನ್ನೂ ಎಣಿಸಿ ವಾಪಸ್ ತೆಗೆಯಿರಿ. ಒಂದೇ ಒಂದು ಎಮರ್ಜೆನ್ಸಿ ಟ್ರೇಗೆ ಸೇರಿಹೋದರೂ ನಾಳೆ ನಿಜವಾದ ತಾಯಿಗೆ ನೀರು ಹೋಗುತ್ತದೆ.

ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಅಂದರೆ ಫ್ರಿಜ್ಜಿನಲ್ಲಿ. ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುತ್ತ ಓಡುವ ಎರಡು ನಿಮಿಷವೂ ಡ್ರಿಲ್ಲಿನ ಲೆಕ್ಕಕ್ಕೇ ಸೇರಲಿ.